ಎರಡೂವರೆ ಸಾವಿರಕ್ಕೆ ಒಂದು ಅಂಕಿ, ಜೊತೆಗೆ ಮುಕ್ಕಾಲು ಗಂಟೆಯ ಮಾತು

ಮಗನ ಬುದ್ಧಿಮಟ್ಟದ (ಐಕ್ಯೂ) ಪರೀಕ್ಷೆ ಮಾಡಿಸಲು ಕಳೆದ ತಿಂಗಳು ಧಾರವಾಡದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಹೋಗಿದ್ದೆವು. ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸು. ಶುಲ್ಕ 2,500 ರೂಪಾಯಿ. ಎರಡು ಶನಿವಾರ ಹೋಗಬೇಕಾಯಿತು: ಮೊದಲ ವಾರ ಪರೀಕ್ಷೆ, ಮರುವಾರ ವರದಿ ಮತ್ತು ಮಾತುಕತೆ. ನಮ್ಮದು ನೋಟ್‌ಬುಕ್, ಪೆನ್ನು, ಝೆರಾಕ್ಸ್ ಅಂಗಡಿ. ಮಕ್ಕಳನ್ನು ಇಂಥ ಪರೀಕ್ಷೆಗೆ ಕರೆದೊಯ್ಯಬೇಕೇ ಎಂದು ಅಂಗಡಿಗೆ ಬರುವ ತಾಯಂದಿರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಹನ್ನೆರಡು ವರ್ಷ. ಪಾಠವನ್ನು ಒಮ್ಮೆ ಓದಿದರೆ ಸಾಕು, ಒಪ್ಪಿಸಿಬಿಡುತ್ತಾನೆ. ‘ಥೇಟ್ ಸೋದರಮಾವನ ತಲೆ’ ಎಂದು ನೆಂಟರು ಮೆಚ್ಚಿ ಹೇಳಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ನನ್ನ ಅಣ್ಣ ಎಸ್‌ಎಸ್‌ಎಲ್‌ಸಿಯಲ್ಲಿ ತಾಲ್ಲೂಕಿಗೇ ಮೊದಲಿಗ. ಎಂಜಿನಿಯರಿಂಗ್ ಸೇರಿದ ಮೊದಲ ವರ್ಷವೇ ಒಂದು ವಿಷಯದಲ್ಲಿ ನಪಾಸಾದ. ಅವನ ಜೀವನದ ಮೊದಲ ನಪಾಸು ಅದು. ಆ ಅಂಕಪಟ್ಟಿಯನ್ನು ಟ್ರಂಕಿನ ತಳದಲ್ಲಿ, ಅಪ್ಪನ ಹಳೆಯ ಧೋತರದ ಮಡಿಕೆಯೊಳಗೆ ಅಡಗಿಸಿಟ್ಟಿದ್ದ. ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ. ಈಗ ನಮ್ಮ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಾನೆ. ಜಿಎಸ್‌ಟಿಯ ಉದ್ದುದ್ದ ಪಟ್ಟಿಗಳನ್ನು ಪೆನ್ನು ಮುಟ್ಟದೆ ಬಾಯಲ್ಲೇ ಕೂಡಿ ಮುಗಿಸುತ್ತಾನೆ. ಮದುವೆ, ಮುಂಜಿ ಎಂದರೆ ಮಾತ್ರ ಮನೆಯಿಂದ ಹೊರಗೆ ಬರುವುದಿಲ್ಲ. ಅಲ್ಲಿ ಯಾರಾದರೂ ‘ಈಗ ಏನು ಮಾಡುತ್ತಿದ್ದೀಯಪ್ಪಾ’ ಎಂದು ಕೇಳುತ್ತಾರೆಂಬ ಭಯ.

ಇದಕ್ಕೂ ಮೊದಲು ಒಂದು ಸಲ ಮೋಸ ಹೋಗಿದ್ದೇನೆ. ಹತ್ತು ಬೆರಳುಗಳ ಅಚ್ಚು ತೆಗೆದುಕೊಂಡು ಮಗುವಿನ ಬುದ್ಧಿ ಎಷ್ಟು, ಭವಿಷ್ಯವೇನು ಎಂದು ಹೇಳುವ ಒಂದು ಸಂಸ್ಥೆಯವರು ನಮ್ಮೂರಿಗೆ ಬಂದಿದ್ದರು. ಆರು ಸಾವಿರ ಕೊಟ್ಟೆ. ನಲವತ್ತು ಪುಟದ ಬಣ್ಣದ ಪುಸ್ತಕ ಬಂತು. ಪುಟ ಪುಟದಲ್ಲೂ ಹೊಗಳಿಕೆ. ಬೆರಳಿನ ಗೆರೆಗಳು ಗರ್ಭದಲ್ಲೇ ಮೂಡಿ ಹಾಗೆಯೇ ಉಳಿಯುವುದು ನಿಜ, ಆದರೆ ಅವುಗಳಿಂದ ಬುದ್ಧಿ ಅಳೆಯಬಹುದು ಎನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಆಮೇಲೆ ತಿಳಿಯಿತು. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ.

ಧಾರವಾಡದ್ದು ಬೇರೆಯೇ ರೀತಿ. ಭಾರತದ ಮಕ್ಕಳಿಗೆಂದು ಮಾಲಿನ್ ಅವರು ಹೊಂದಿಸಿದ ಪರೀಕ್ಷೆಯನ್ನು ಮೇಡಂ ಕನ್ನಡದಲ್ಲೇ ಮಾಡಿದರು. ನನಗೆ ಮೂಲೆಯಲ್ಲಿ ಕೂರಲು ಬಿಟ್ಟರು, ತುಟಿ ಬಿಚ್ಚಬಾರದೆಂಬ ಷರತ್ತು. ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸುವುದು, ಪದಗಳ ಅರ್ಥ, ಚಕ್ರವ್ಯೂಹದಂಥ ಚಿತ್ರದಲ್ಲಿ ದಾರಿ ಹುಡುಕುವುದು, ಎಲ್ಲವನ್ನೂ ಹುಡುಗ ನೀರು ಕುಡಿದಂತೆ ಮಾಡಿದ. ಆಮೇಲೆ ಬಣ್ಣದ ಘನಗಳನ್ನು ಜೋಡಿಸಿ ಕಾರ್ಡಿನಲ್ಲಿರುವ ವಿನ್ಯಾಸ ಮಾಡಬೇಕಿತ್ತು. ಮೊದಲಿನವು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದವು. ದೊಡ್ಡದೊಂದು ಬಂದಾಗ ಒಂದು ಮೂಲೆ ಕೂಡಲಿಲ್ಲ. ಒಮ್ಮೆ ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ. ಕಿವಿ ಕೆಂಪಾಯಿತು. ಮೂರನೆಯ ಸಲಕ್ಕೆ ಘನಗಳನ್ನೆಲ್ಲ ಕೈಯಿಂದ ಕಲಸಿ, ‘ಈ ಕಾರ್ಡೇ ತಪ್ಪು ಮುದ್ರಣವಾಗಿದೆ’ ಎಂದುಬಿಟ್ಟ. ‘ಇನ್ನೂ ಸಮಯವಿದೆ ತಮ್ಮಾ’ ಎಂದು ಮೇಡಂ ಮೆಲ್ಲಗೆ ಹೇಳಿದರು. ಅವನು ಕಿಟಕಿಯ ಕಡೆ ನೋಡುತ್ತ ಕುಳಿತ. ನನಗೆ ಅಣ್ಣನ ಟ್ರಂಕು ಕಣ್ಣಿಗೆ ಬಂತು.

ಮರುವಾರ ಅಂಕಿ ಸಿಕ್ಕಿತು: 132. ನೂರು ಸರಾಸರಿ, 130 ದಾಟುವವರು ನೂರರಲ್ಲಿ ಸುಮಾರು ಇಬ್ಬರು ಎಂದು ಹೇಳಲು ಮೇಡಂ ಐದು ನಿಮಿಷ ತೆಗೆದುಕೊಂಡರು. ಉಳಿದ ನಲವತ್ತು ನಿಮಿಷ ಆ ಅಂಕಿಯೊಳಗೆ ಬಾರದ ಸಂಗತಿಗಳ ಬಗ್ಗೆ ಮಾತಾಡಿದರು. ನಾನು ಹಣ ಕೊಟ್ಟದ್ದಕ್ಕೆ ಬೆಲೆ ಸಿಕ್ಕಿದ್ದು ಅಲ್ಲಿ.

ಮೇಡಂ ಒಂದು ಉದಾಹರಣೆ ಕೊಟ್ಟರು. 1921ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ ಬುದ್ಧಿ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ಹುಡುಕಲು ಹೊರಟರಂತೆ. ಸುಮಾರು ಒಂದೂವರೆ ಸಾವಿರ ಮಕ್ಕಳು ಸಿಕ್ಕರು. ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಒಟ್ಟಾರೆ ಚೆನ್ನಾಗಿಯೇ ಓದಿ ಮುಂದೆ ಬಂದವರು ಬಹಳ, ಆದರೆ ಅವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದೆಂದು ಅವರು ಕೈಬಿಟ್ಟಿದ್ದ ಹುಡುಗರಲ್ಲಿ ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಅಲ್ವಾರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇದಕ್ಕಿಂತ ನನಗೆ ನಾಟಿದ್ದು ಇನ್ನೊಂದು ವಿಷಯ. ಟರ್ಮನ್ ಅವರು ಆ ಗುಂಪಿನ ಗಂಡಸರಲ್ಲೇ ಬಹಳ ಮುಂದೆ ಬಂದ 150 ಮಂದಿಯನ್ನೂ ತೀರ ಹಿಂದುಳಿದ 150 ಮಂದಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬಾಲ್ಯದ ಬುದ್ಧಿ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಕಂಡದ್ದು ಹಿಡಿದ ಕೆಲಸ ಬಿಡದ ಗುಣದಲ್ಲಿ, ಒಂದು ಗುರಿಗೆ ಅಂಟಿಕೊಳ್ಳುವುದರಲ್ಲಿ, ತನ್ನ ಮೇಲಿನ ನಂಬಿಕೆಯಲ್ಲಿ. ಮನೆಯಲ್ಲಿ ಓದಿದವರಿದ್ದರೇ ಎಂಬುದರಲ್ಲಿಯೂ.

‘ಎಲ್ಲವೂ ಸಲೀಸಾಗಿ ಬರುವ ಮಗುವಿಗೆ ಕಷ್ಟದ ಎದುರು ಕೂತು ರೂಢಿ ಇರುವುದಿಲ್ಲ. ಒಂದು ದಿನ ಕಷ್ಟ ಬಂದಾಗ ತನ್ನ ಬುದ್ಧಿಯೇ ಹೋಯಿತು ಎಂದುಕೊಳ್ಳುತ್ತದೆ’ ಎಂದರು ಮೇಡಂ. ಅಣ್ಣನ ವಿಷಯ ನಾನಿನ್ನೂ ಹೇಳಿರಲಿಲ್ಲ. ಅತ್ತುಬಿಟ್ಟೆ. ನಾವೆಲ್ಲ ಅವನ ಜಾಣತನವನ್ನು ಊರ ತುಂಬ ಮೆರೆಸಿದೆವು. ನಪಾಸಾದ ದಿನ ಅವನ ಪಕ್ಕದಲ್ಲಿ ಒಬ್ಬರೂ ಕೂರಲಿಲ್ಲ.

ಅಲ್ಲಿನ ಕಪಾಟಿನಲ್ಲಿ ‘ಬಿನೆ-ಕಾಮತ್’ ಎಂದು ಬರೆದ ಪೆಟ್ಟಿಗೆಯೊಂದಿತ್ತು. ಪ್ಯಾರಿಸ್‌ನಲ್ಲಿ 1905ರಲ್ಲಿ ಬಿನೆ ಎಂಬ ಮನಶ್ಶಾಸ್ತ್ರಜ್ಞ ಮೊದಲ ಬುದ್ಧಿ ಪರೀಕ್ಷೆ ಮಾಡಿದ್ದು ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ನೆರವಾಗಲೆಂದು. ಅದನ್ನು ಮುಂಬಯಿ-ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. ನಮ್ಮ ಭಾಗದ ಮಕ್ಕಳಿಗಾಗಿ ಒಬ್ಬರು ಅಷ್ಟು ಹಿಂದೆಯೇ ಇಷ್ಟು ಶ್ರಮಪಟ್ಟಿದ್ದರೆಂದು ತಿಳಿದು ಹೆಮ್ಮೆಯಾಯಿತು.

ಕುಂದುಗಳನ್ನೂ ಹೇಳಬೇಕು. ಮೊದಲ ದಿನ ಒಂದು ಗಂಟೆ ಕಾಯಿಸಿದರು. ನಾಲ್ಕು ಪುಟದ ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಮನೆಗೆ ಬಂದು ಅಣ್ಣನಿಂದ ಓದಿಸಿಕೊಳ್ಳಬೇಕಾಯಿತು. ಕನ್ನಡದಲ್ಲಿ ಇಷ್ಟು ಚೆನ್ನಾಗಿ ತಿಳಿಸಿ ಹೇಳುವವರು ಕನ್ನಡದಲ್ಲೇ ಎರಡು ಪುಟ ಬರೆದುಕೊಟ್ಟರೆ ತಾಯಂದಿರಿಗೆ ದೊಡ್ಡ ಉಪಕಾರ.

ಮಗನಿಗೆ ಸುಲಭವಾಗಿ ಬಾರದ ಒಂದು ಕೈಕೆಲಸ ಕೊಡಿ, ‘ಜಾಣ’ ಎನ್ನುವ ಮಾತು ಸ್ವಲ್ಪ ಕಡಿಮೆ ಮಾಡಿ ಎಂದಿದ್ದರು ಮೇಡಂ. ಅಂಗಡಿಯಲ್ಲಿ ಪುಸ್ತಕದ ಬೈಂಡಿಂಗ್ ಅಣ್ಣನದೇ ಕೆಲಸ. ಮಗನನ್ನು ಅವನ ಪಕ್ಕ ಕೂರಿಸಿದೆ. ದಬ್ಬಣದಿಂದ ಚುಚ್ಚಿದ ತೂತುಗಳು ಅಂಕುಡೊಂಕಾದವು, ದಾರ ಎಳೆದೊಡನೆ ಹಾಳೆಗಳು ಜಾರಿದವು. ಎದ್ದು ಹೋಗಲು ಹೊರಟವನ ಮೊಣಕೈ ಹಿಡಿದು, ‘ಕೂತುಕೋ, ನನ್ನದೂ ಮೊದಮೊದಲು ಹೀಗೇ ಆಗಿತ್ತು’ ಎಂದ ಅಣ್ಣ. ಅಂದು ರಾತ್ರಿ ದಾರವನ್ನು ನಾಲ್ಕು ಸಲ ಬಿಚ್ಚಿದರು.

ಆರು ತಿಂಗಳ ಮೇಲೆ ಮತ್ತೆ ಬರಲು ಹೇಳಿದ್ದಾರೆ. ದೊಡ್ಡವರೂ ಬಂದು ಮಾತಾಡಬಹುದೇ ಎಂದು ಫೋನಿನಲ್ಲಿ ಕೇಳಿದೆ. ಧಾರಾಳವಾಗಿ ಬರಲಿ ಎಂದರು. ಅಣ್ಣನಿಗೆ ಹೇಳಿದೆ. ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಹುಬ್ಬಳ್ಳಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸಿದೆ?’ ಎಂದು ಕೇಳಿದ.