ರೆಡ್ ಆಕ್ಸೈಡ್ ನೆಲ: ಮನೆಗೆ ಸೈ, ಅಂಗಡಿಗೆ ಅರ್ಧ ಸೈ

ಮೈಸೂರಿನ ನಮ್ಮ ಮನೆಯ ಹಾಲ್, ಅಡುಗೆಮನೆ, ರಸ್ತೆ ಕಡೆಯ ಕಾಫಿಪುಡಿ ಅಂಗಡಿ, ಮೂರಕ್ಕೂ 2018ರಲ್ಲಿ ರೆಡ್ ಆಕ್ಸೈಡ್ ನೆಲ, ಅಂದರೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಮಾಡುವ ನೆಲ, ಹಾಕಿಸಿದೆವು. ಮೇಸ್ತ್ರಿಯೂ ಒಬ್ಬರೇ, ಮಾಲೂ ಒಂದೇ. ಆದರೂ ಹಾಲ್‌ನ ನೆಲದಲ್ಲಿ ಇವತ್ತಿಗೂ ಫ್ಯಾನ್ ತಿರುಗೋದು ಕಾಣುತ್ತೆ, ಅಂಗಡಿಯದು ಮಂಕಾಗಿದೆ. ಕಾರಣ ಚಪ್ಪಲಿ. ಬರಿಗಾಲಲ್ಲಿ ಓಡಾಡಿದಷ್ಟೂ ಈ ನೆಲ ಮಿರುಗುತ್ತೆ. ಚಪ್ಪಲಿಗೆ ಅಂಟಿಕೊಂಡು ಬರುವ ಮರಳು ಆ ಮಿರುಗನ್ನೇ ಉಜ್ಜಿ ತೆಗೆಯುತ್ತೆ. ವ್ಯಾಕ್ಸ್ ಹಚ್ಚಿದರೆ ಕೆಲವು ದಿನ ಸರಿಹೋಗುತ್ತೆ, ಮತ್ತೆ ಅದೇ ಕಥೆ.

ಬಣ್ಣದ ಬಗ್ಗೆ ಮಾತ್ರ ದೂರಿಲ್ಲ. ಕೆಂಪು ಬರೋದು ಕಬ್ಬಿಣದ ಆಕ್ಸೈಡಿನಿಂದ, ಅಂದರೆ ಹೆಚ್ಚುಕಮ್ಮಿ ತುಕ್ಕೇ. ಬಿಸಿಲಿಗೆ ಮಾಸೋದಿಲ್ಲ; ಕಿಟಕಿ ಪಕ್ಕಕ್ಕೂ ಮೂಲೆಗೂ ವ್ಯತ್ಯಾಸ ಕಾಣಲ್ಲ. ಆದರೆ ಇದರ ಅಂದ ನಿಂತಿರೋದು ಬೆಳಕಿನ ಮೇಲೆ. (ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೀತಾರೆ; ಅಂಕಿ ಕಮ್ಮಿಯಾದಷ್ಟೂ ಹಳದಿ.) 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟ್ ಇದ್ದಾಗ ನೆಲ ಕೆಸರುಗಂದು ಬಣ್ಣಕ್ಕೆ ತಿರುಗಿ, ಹಾಲ್ ಚಿಕ್ಕದಾಗಿ ಕಾಣ್ತಿತ್ತು. 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿ, ಗೋಡೆಗೆ ಬಿಳಿ ಬಳಿದ ಮೇಲೆ ಕೆಂಪು ಎದ್ದು ಬಂತು. ಸೋಫಾ, ಪರದೆಗೆ ದುಡ್ಡು ಸುರಿಯುವ ಮುಂಚೆ ಬಲ್ಬ್ ಬದಲಿಸಿ ನೋಡಿ ಅಂತ ಎಲ್ಲರಿಗೂ ಹೇಳ್ತೀನಿ. ಯಾರೂ ಕೇಳಲ್ಲ, ಅದು ಬೇರೆ ಮಾತು.

ಕೆಲಸ ಬಲ್ಲವರು ಸಿಗೋದೇ ಕಷ್ಟ. ಕೆಳಗಿನ ಗಾರೆ ಹಸಿಯಿರುವಾಗಲೇ ಮೇಲೆ ಸಿಮೆಂಟು, ಆಕ್ಸೈಡು ಸೇರಿದ ತೆಳು ಪದರ ಎಳೆದು, ಕರಣೆಯಲ್ಲಿ ತಿಕ್ಕಿ ತಿಕ್ಕಿ ನಯ ಬರಿಸಬೇಕು. ಕೆಳಗಿನದು ಒಣಗಿಬಿಟ್ಟರೆ ಮೇಲಿನದು ಮುಂದೊಂದು ದಿನ ಹಪ್ಪಳದ ಹಾಗೆ ಎದ್ದು ಬರುತ್ತೆ. ಆಮೇಲೆ ನೀರು ಕಟ್ಟಿ ದಿನಗಟ್ಟಲೆ ಕ್ಯೂರಿಂಗ್. ಅಷ್ಟೂ ದಿನ ಅಂಗಡಿ ಬಾಗಿಲು ಹಾಕಬೇಕು. ಟೈಲ್ಸ್‌ಗೆ ಈ ಗೋಳಿಲ್ಲ. ಮೇಸ್ತ್ರಿ ತೋರಿಸೋ ಫೋಟೋ ನಂಬಬೇಡಿ, ಅವರು ಹಿಂದೆ ಹಾಕಿದ ನೆಲವನ್ನೇ ಹೋಗಿ ನೋಡಿ.

ಹಾಲ್‌ನಲ್ಲಿ ನಡುನಡುವೆ ಗಾಜಿನ ಪಟ್ಟಿ ಕೊಟ್ಟಿದ್ದರಿಂದ ಬಿರುಕಿಲ್ಲ. ಪಟ್ಟಿಯಿಲ್ಲದ ಅಡುಗೆಮನೆಯಲ್ಲಿ ಬಾಗಿಲ ಹತ್ತಿರ ಕೂದಲೆಳೆಯಷ್ಟು ಬಿಟ್ಟಿದೆ. ಹಿಂಡಿದ ನಿಂಬೆಹೋಳು ಬಿದ್ದ ಕಡೆ ಬಿಳಿಚಿದ ಉಂಗುರವೂ ಉಳಿದಿದೆ. ಹುಳಿ ಸಿಮೆಂಟನ್ನು ತಿನ್ನುತ್ತೆ. ಬಾತ್‌ರೂಮ್ ಆಸಿಡ್ ಅಂತೂ ಹತ್ತಿರ ತರಬೇಡಿ. ಒಮ್ಮೆ ಒಡೆದು ತೇಪೆ ಹಾಕಿದರೆ ಬಣ್ಣ ಹೊಂದೋದಿಲ್ಲ. ಪೈಪ್ ರಿಪೇರಿಗೆ ಅಗೆದ ಜಾಗದ ಮೇಲೆ ನಾವು ನಾರಿನ ಮ್ಯಾಟ್ ಹಾಸಿದ್ದೇವೆ.

ಈಗ ಅಂಗಡಿಯಲ್ಲಿ ಗಿರಾಕಿಗಳು ನಿಲ್ಲುವಷ್ಟು ಜಾಗಕ್ಕೆ ಚಪ್ಪಲಿ ತುಳಿತ ತಾಳುವ ಕೋಟಾ ಕಲ್ಲು ಹಾಕಿಸ್ತಿದ್ದೇವೆ. ಕೌಂಟರ್ ಹಿಂದೆ, ಕೂರುವ ಕಟ್ಟೆಗೆ ಕೆಂಪೇ ಇರುತ್ತೆ. ಎರಡೂ ಸೇರುವ ಕಡೆ ಅಂಚು ಉದುರದ ಹಾಗೆ ಹಿತ್ತಾಳೆ ಪಟ್ಟಿ ಕೂರಿಸೋಕೆ ಹೇಳಿದ್ದೇವೆ.