ಪೈಪೋಟಿಯ ಮಾಲೀಕರೇ ಕೂಡಿ ನಡೆಸುವ ವಾಷಿಂಗ್ ಪ್ರಯೋಗಾಲಯ: ಒಂದು ಹಂಗಾಮಿನ ಅನುಭವ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ನಮ್ಮಂಥವರಿಗೆ, ವಾಷಿಂಗ್‌ನಲ್ಲಿ ಎಂದರೆ ಹೊಲಿದ ಬಟ್ಟೆಯನ್ನು ಒಗೆದು ಬಣ್ಣ ತಿಳಿಗೊಳಿಸುವಾಗ, ಮೊದಲ ಲಾಟ್‌ನಲ್ಲಿ ಬಂದ ಶೇಡ್ ಎರಡನೆಯ ಲಾಟ್‌ನಲ್ಲಿ ಬಾರದಿರುವುದೇ ದೊಡ್ಡ ತಲೆನೋವು. ಈ ತೊಂದರೆಯ ಪರಿಹಾರಕ್ಕೆಂದೇ ಎಂಟು ಮಂದಿ ಮಾಲೀಕರು ಹಣ ಕೂಡಿಸಿ ಒಂದು ಸಣ್ಣ ಪ್ರಯೋಗಾಲಯವನ್ನು ನಡೆಸುತ್ತಿದ್ದಾರೆ. ಅವರೆಲ್ಲರೂ ಒಂದೇ ಸಗಟು ವ್ಯಾಪಾರಿಗಳ ಮುಂದೆ ದರಕ್ಕಾಗಿ ದಿನವೂ ಪೈಪೋಟಿ ನಡೆಸುವವರು. ನಾನು ಹೊರಗಿನ ಗಿರಾಕಿಯಾಗಿ ಈ ಹಂಗಾಮಿನಲ್ಲಿ ಆರು ಸಲ ಅಲ್ಲಿಗೆ ಮಾದರಿ ಒಯ್ದಿದ್ದೇನೆ.

ಪರೀಕ್ಷೆಯ ಗುಣಮಟ್ಟದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಮೊದಲ ದಿನ ಅಲ್ಲಿಯ ತಂತ್ರಜ್ಞರು ನನ್ನ ಪ್ಯಾಂಟಿನ ಜೇಬನ್ನು ಹೊರಕ್ಕೆ ಎಳೆದು ತೋರಿಸಿದರು. ಒಳಗಿನ ಬಿಳಿ ಬಟ್ಟೆ ತಿಳಿನೀಲಿಗೆ ತಿರುಗಿತ್ತು. ಇಂಡಿಗೊ ಬಣ್ಣ ನೂಲಿನ ಮೇಲ್ಪದರದಲ್ಲಷ್ಟೇ ನಿಲ್ಲುವುದರಿಂದ, ಒಗೆಯುವ ನೀರಿಗೆ ಹಾಕುವ ಎಂಜೈಮ್ ಎಂಬ ಜೈವಿಕ ವಸ್ತು ಹತ್ತಿಯ ಮೇಲಿನ ಎಳೆಗಳನ್ನು ಕರಗಿಸಿದಾಗ ಬಣ್ಣವೂ ಕಳಚಿ, ನೀರಿನಲ್ಲಿ ಸೇರಿ, ಮತ್ತೆ ಬಿಳಿ ಭಾಗಕ್ಕೆ ಅಂಟುತ್ತದೆ ಎಂದು ವಿವರಿಸಿದರು. ಆಮ್ಲೀಯ ಎಂಜೈಮ್ ಬೇಗ ಕೆಲಸ ಮಾಡುತ್ತದೆಯಾದರೂ ಈ ಕಲೆ ಅದರಲ್ಲಿ ಹೆಚ್ಚು. ತಟಸ್ಥ ಎಂಜೈಮ್‌ಗೆ ಸಮಯ ಹಿಡಿದರೂ ಬಿಳುಪು ಉಳಿಯುತ್ತದೆ. ನಾನು ಕ್ಯಾನಿನಲ್ಲಿ ಒಯ್ದಿದ್ದ ನಮ್ಮ ಬೋರ್‌ವೆಲ್ ನೀರಿನ ಪಿಎಚ್ (ಆಮ್ಲೀಯತೆಯ ಮಟ್ಟ) ಅಳೆದು, ಎರಡೂ ಬಗೆಯಲ್ಲಿ ಒಗೆದ ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ನನಗೆ ಯಾವ ಸಂದೇಹವೂ ಉಳಿಯಲಿಲ್ಲ. ಇಷ್ಟು ಸಲಕರಣೆಯನ್ನು ಒಬ್ಬ ಸಣ್ಣ ಮಾಲೀಕ ತಾನೊಬ್ಬನೇ ಕೊಳ್ಳುವುದು ಆಗದ ಮಾತು.

ನನ್ನ ದೂರು ಬೇರೆಯದು. ಮೂರನೆಯ ಸಲ ತೊಡೆಯ ಮೇಲೆ ಹೊಸ ಬಗೆಯ ಸ್ಪ್ರೇ ವಿನ್ಯಾಸವಿದ್ದ ಪ್ಯಾಂಟ್ ಕೊಟ್ಟಿದ್ದೆ. ಅದನ್ನು ನನ್ನ ಅಂಗಡಿಯ ಚೀಟಿಯ ಸಮೇತ ಎಲ್ಲರೂ ಓಡಾಡುವ ಕಡೆ ನೇತುಹಾಕಿದ್ದರು. ಎರಡು ವಾರದಲ್ಲಿ ಅಂಥದೇ ವಿನ್ಯಾಸ ಬೇರೊಬ್ಬರ ಸರಕಿನಲ್ಲಿ ಕಂಡಿತು. ನಕಲು ಮಾಡಿದ್ದಾರೆಂದು ಆರೋಪಿಸುವಷ್ಟು ಆಧಾರ ನನ್ನಲ್ಲಿಲ್ಲ, ಆದರೆ ಯಾವುದು ಎಲ್ಲರದು, ಯಾವುದು ಕೊಟ್ಟವರದು ಎಂಬ ಒಂದು ಸಾಲಿನ ನಿಯಮವೂ ಅಲ್ಲಿ ಬರಹದಲ್ಲಿಲ್ಲ ಎಂಬುದು ಸತ್ಯ.

ಇಂಥ ಮೈತ್ರಿಗಳಲ್ಲಿ ಈ ಗೆರೆ ಎಷ್ಟು ಮುಖ್ಯವೆಂಬುದಕ್ಕೆ ಅಮೆರಿಕದ ಸೆಮಟೆಕ್ ಉದಾಹರಣೆಯಿದೆ. ಜಪಾನಿನ ಪೈಪೋಟಿಯನ್ನು ಎದುರಿಸಲು 1987ರಲ್ಲಿ ಐಬಿಎಂ, ಇಂಟೆಲ್ ಸೇರಿದಂತೆ 14 ಚಿಪ್ ಕಂಪನಿಗಳು ಸರ್ಕಾರದ ನೆರವಿನೊಂದಿಗೆ ಅದನ್ನು ಕಟ್ಟಿದವು. ತಮ್ಮ ತಮ್ಮ ತಯಾರಿಕೆಯ ಗುಟ್ಟನ್ನು ಎದುರಾಳಿಯ ಮುಂದೆ ಬಿಚ್ಚಿಡಲು ಸದಸ್ಯರು ಹಿಂಜರಿದಾಗ, ಎಲ್ಲರಿಗೂ ಬೇಕಾದ ಯಂತ್ರಗಳನ್ನು ಒದಗಿಸುವ ಕಂಪನಿಗಳನ್ನು ಬಲಪಡಿಸುವತ್ತ ಅದರ ಕೆಲಸ ಹೊರಳಿತು. ನಮ್ಮ ಜಿಲ್ಲೆಯಲ್ಲೇ ಜೆಎಸ್‌ಡಬ್ಲ್ಯು ಮತ್ತು ಜಪಾನಿನ ಜೆಎಫ್‌ಇ ಉಕ್ಕು ಕಂಪನಿಗಳು 2024ರಲ್ಲಿ ಸಮಪಾಲಿನಲ್ಲಿ ಸ್ಥಾಪಿಸಿದ ಜಂಟಿ ಕಂಪನಿಯೂ ಟ್ರಾನ್ಸ್‌ಫಾರ್ಮರ್‌ನಂಥ ವಿದ್ಯುತ್ ಉಪಕರಣಗಳಿಗೆ ಬೇಕಾದ ಎಲೆಕ್ಟ್ರಿಕಲ್ ಸ್ಟೀಲ್ ಎಂಬ ಒಂದೇ ಬಗೆಯ ಸರಕಿಗಾಗಿ ಹುಟ್ಟಿದ್ದು.

ನಮ್ಮ ಎಂಟು ಮಂದಿಯೂ ನೀರು, ಎಂಜೈಮ್, ಬಣ್ಣದ ಕೊಳಚೆನೀರಿನ ಶುದ್ಧೀಕರಣ ಇವನ್ನು ಕೂಡಿ ಸಂಶೋಧಿಸಲಿ. ವಿನ್ಯಾಸವಿರುವ ಮಾದರಿಗೆ ಬೀಗದ ಬೀರು, ಹೆಸರಿಲ್ಲದ ಸಂಖ್ಯೆಯ ಚೀಟಿ ಮತ್ತು ಒಂದು ಪುಟದ ಕರಾರು ಬರಲಿ ಎಂದು ಅವರಿಗೆ ಬರೆದುಕೊಟ್ಟಿದ್ದೇನೆ. ಹೊಸ ಯೂನಿಟ್ ತೆರೆಯುವವರು ಅಲ್ಲಿಗೆ ಖಂಡಿತ ಹೋಗಬೇಕು. ನಾನಂತೂ ಏಳನೆಯ ಸಲ ವಿನ್ಯಾಸವಿಲ್ಲದ ಬರಿಯ ಕಾಲಿನ ತುಂಡನ್ನು ಒಯ್ಯುತ್ತೇನೆ. ಎಂಜೈಮ್ ಪರೀಕ್ಷೆಗೆ ಅಷ್ಟು ಸಾಕು.