ಗ್ಯಾರೇಜಿನಿಂದ ಪದ್ಮಿನಿ ತರುವ ಮುನ್ನ ಕಾರ್ಬುರೇಟರ್ ಬುಡ ನೋಡಿ

ಪುಣೆ, ಮುಂಬಯಿ ಕಡೆ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡಿರುವ ಕನ್ನಡಿಗರು ಬೇಸಿಗೆಯಲ್ಲಿ ಊರಿಗೆ ಹೊರಡುವ ಮುನ್ನ ದಯವಿಟ್ಟು ಇದನ್ನು ಓದಿ. ನಮ್ಮ ಗಾಡಿ ಬೆಂಕಿಗೆ ಆಹುತಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಪುಣೆಯ ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಸರ್ವಿಸ್ ಮಾಡಿಸಿ, ಮೇ ತಿಂಗಳಲ್ಲಿ ಅವ್ವನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟಿದ್ದೆವು. ಸಾತಾರಾ ದಾರಿಯ ಖಂಬಾಟ್ಕಿ ಘಾಟಿನ ಏರಿನಲ್ಲಿ ಲಾರಿಗಳ ಸಾಲು. ಮೊದಲ ಗೇರಿನಲ್ಲೇ ತೆವಳುತ್ತಿದ್ದಾಗ ಇಂಜಿನ್ ಜಗ್ಗತೊಡಗಿತು, ಆಮೇಲೆ ನಿಂತೇ ಹೋಯಿತು. ಸೆಲ್ಫ್ ಹೊಡೆದರೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹಿಂದಿದ್ದ ಲಾರಿಯ ಡ್ರೈವರ್ ವಿಜಯಪುರದ ಕಡೆಯವರು. ನಮ್ಮ ಮಾತು ಕೇಳಿ ಓಡಿ ಬಂದರು. "ಸೆಲ್ಫ್ ಹೊಡೀಬ್ಯಾಡ್ರಿ ಸರ, ಪೆಟ್ರೋಲ್ ವಾಸನಿ ಬರಾಕತ್ತೈತಿ. ಮೊದಲ ಅವ್ವಾರನ್ನ ಕೆಳಗ ಇಳಸ್ರಿ." ಬಾನೆಟ್ ಎತ್ತಿದರೆ ಕಾರ್ಬುರೇಟರಿನಿಂದ ಪೆಟ್ರೋಲ್ ಉಕ್ಕಿ ಹೊರಗೆ ಸುರಿಯುತ್ತಿತ್ತು. ಪಕ್ಕದಲ್ಲೇ ಕೆಂಡದಂತೆ ಕಾದ ಎಕ್ಸಾಸ್ಟ್. ಆ ಪುಣ್ಯಾತ್ಮರು ತಡೆಯದಿದ್ದರೆ ಒಂದು ಕಿಡಿ ಸಾಕಾಗಿತ್ತು.

ಬಿಚ್ಚಿಸಿ ನೋಡಿದ ಮೇಲೆ ಗೊತ್ತಾಯಿತು. ಕಾರ್ಬುರೇಟರಿನ ಬುಡದಲ್ಲಿ ಶಾಖ ತಡೆಯಲೆಂದೇ ಇರುವ ದಪ್ಪ ಬ್ಯಾಕಲೈಟ್ (ಗಟ್ಟಿ ಪ್ಲಾಸ್ಟಿಕ್) ಪ್ಯಾಕಿಂಗ್ ಮಾಯವಾಗಿತ್ತು. ಅದರ ಜಾಗದಲ್ಲಿ ಅಲ್ಯೂಮಿನಿಯಂ ತುಂಡು! ಶಾಖವನ್ನು ತಡೆಯುವ ವಸ್ತು ತೆಗೆದು, ಅದನ್ನು ಸರಾಗವಾಗಿ ಸಾಗಿಸುವ ಲೋಹ ಕೂರಿಸಿದ್ದರು. ಪೆಟ್ರೋಲ್ ಪೈಪು ಬೇರೆ ಎಕ್ಸಾಸ್ಟಿಗೆ ತಾಗುವಷ್ಟು ಹತ್ತಿರ. ಗ್ಯಾರೇಜಿನವರನ್ನು ಕೇಳಿದರೆ "ಇದೇ ಗಟ್ಟಿ" ಎಂಬ ಉತ್ತರ. ವಯಸ್ಸಾದ ಅವ್ವ ಕೂತ ಗಾಡಿಗೆ ಹೀಗೆ ಮಾಡಿದ್ದಕ್ಕೆ ಇವತ್ತಿಗೂ ನನಗೆ ಸಿಟ್ಟು ಇಳಿದಿಲ್ಲ.

ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಕಾರ್ಬುರೇಟರ್ ಕಾದರೆ ಒಳಗಿನ ಪೆಟ್ರೋಲ್ ಹೀಗೆ ಕುದಿದೇ ಹೊರಗೆ ಉಕ್ಕುವುದು. 2023ರಿಂದ ಬಂಕುಗಳಿಗೆ ಬರತೊಡಗಿದ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು 78 ಡಿಗ್ರಿಗೆ ಕುದಿಯುತ್ತದೆ, ಹಳೆಯ ರಬ್ಬರ್ ಪೈಪುಗಳನ್ನೂ ಹಾಳುಮಾಡುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿಸಿ, ಎಕ್ಸಾಸ್ಟಿನಿಂದ ದೂರಕ್ಕೆ ಕಟ್ಟಿಸಿ.

ಇನ್ನೊಂದು ವಿಷಯ: ಬಿಸಿ ಹೆಚ್ಚು ಏರುವುದು ಇಂಜಿನ್ ನಿಲ್ಲಿಸಿದ ಮೇಲೆ. ಫ್ಯಾನೂ ಇಲ್ಲ, ನೀರೂ ಓಡುವುದಿಲ್ಲ, ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ಶಾಖವೆಲ್ಲ ಕಾರ್ಬುರೇಟರಿಗೇ. ಹಾಗಾಗಿ ಘಾಟ್ ಹತ್ತಿದ ಕೂಡಲೇ ಕೀಲಿ ತಿರುಗಿಸಿ ಇಂಜಿನ್ ಆರಿಸಬೇಡಿ. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ನಿಲ್ಲಿಸಿ, ಬಾನೆಟ್ ತೆರೆದಿಡಿ. ಮತ್ತೆ ಸ್ಟಾರ್ಟ್ ಆಗದಿದ್ದರೆ ಚೋಕ್ ಎಳೆಯಬೇಡಿ, ಎಕ್ಸಲರೇಟರ್ ಪದೇಪದೇ ಒತ್ತಬೇಡಿ. ಪೆಟ್ರೋಲ್ ಸೋರುತ್ತಿಲ್ಲ ಎಂದು ನೋಡಿಕೊಂಡು, ತಣಿದ ಮೇಲೆ ಎಕ್ಸಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಇಂಜಿನ್ನಿಗಿರುವ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬಹುದು. ಕಾದ ಎಕ್ಸಾಸ್ಟಿಗೆ ಮಾತ್ರ ತಣ್ಣೀರು ಸುರಿಯಬೇಡಿ, ಬೀಡು ಕಬ್ಬಿಣ ಬಿರಿಯಬಹುದು.

ಗ್ಯಾರೇಜಿಗೆ ಬಿಡುವಾಗ, ಬಿಚ್ಚಿದ ಹಳೆಯ ಸಾಮಾನೆಲ್ಲ ವಾಪಸ್ ಕೊಡಬೇಕೆಂದು ಮೊದಲೇ ಹೇಳಿ. ಬೆಂಕಿ ಆರಿಸುವ ಸಿಲಿಂಡರನ್ನು ಡಿಕ್ಕಿಯಲ್ಲಲ್ಲ, ಡ್ರೈವರ್ ಸೀಟಿನ ಕೈಯಳತೆಯಲ್ಲಿ ಇಡಿ.